ಹಾಡಿದವರ ಪುಟ ಇದೆ, ತಬಲಾ ನುಡಿಸಿದವರದ್ದು ಎಲ್ಲಿ?

ಪ್ರಶ್ನೆ: ನಮ್ಮ ತಂದೆಯವರ ಗುರುಗಳು ನಲವತ್ತು ವರ್ಷ ದೊಡ್ಡ ದೊಡ್ಡ ಗಾಯಕರಿಗೆ ತಬಲಾ ಸಾಥ್ ಕೊಟ್ಟವರು. ಕನ್ನಡ ವಿಕಿಪೀಡಿಯದಲ್ಲಿ ಅವರ ಬಗ್ಗೆ ಒಂದು ಪುಟ ಬರೆದೆ. ನಾಲ್ಕೇ ದಿನಕ್ಕೆ ಅಳಿಸಿಬಿಟ್ಟರು. ನಾನು ಬರೆದದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಹೀಗೇಕೆ ಮಾಡಿದರು?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ. ನಾನು ಬರೆದ ಮೊದಲ ಪುಟವೂ ಹೀಗೇ ಹೋಗಿತ್ತು, ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಆದರೆ ಪುಟ ಅಳಿಸಿದ ಮಾತ್ರಕ್ಕೆ ನಿಮ್ಮ ಗುರುಗಳು ದೊಡ್ಡ ಕಲಾವಿದರಲ್ಲ ಎಂದು ಯಾರೂ ಹೇಳಿದ ಹಾಗಾಗಲಿಲ್ಲ. ಅಲ್ಲಿ ಕೇಳುವುದು ಒಂದೇ ಪ್ರಶ್ನೆ. ಈ ವ್ಯಕ್ತಿಯ ಬಗ್ಗೆ, ಅವರಿಗೆ ಸಂಬಂಧವಿಲ್ಲದ ಯಾರಾದರೂ, ಪತ್ರಿಕೆಯಲ್ಲೋ ಪುಸ್ತಕದಲ್ಲೋ ಸ್ವಲ್ಪ ವಿವರವಾಗಿ ಬರೆದಿದ್ದಾರಾ? ಬರೆದದ್ದು ನಿಜವಾಗಿದ್ದರೆ ಸಾಲದು, ಓದಿದವರು ಅದನ್ನು ಹುಡುಕಿ ನೋಡುವಂತಿರಬೇಕು.

ಇಲ್ಲೇ ನೋಡಿ ಪಕ್ಕವಾದ್ಯದವರಿಗೆ ಅನ್ಯಾಯವಾಗಿರುವುದು. ಗಂಗೂಬಾಯಿ ಹಾನಗಲ್ಲರಿಗೆ 1971ರಲ್ಲಿ ಪದ್ಮಭೂಷಣ ಬಂತು, 2002ರಲ್ಲಿ ಪದ್ಮವಿಭೂಷಣ. ಪ್ರತಿ ಸಲವೂ ಪತ್ರಿಕೆಗಳು ಬರೆದವು. ಹಾಗಾಗಿ ಅವರ ಪುಟಕ್ಕೆ ಉಲ್ಲೇಖ ಸಿಗುವುದು ಕಷ್ಟವೇ ಅಲ್ಲ. ಅವರ ಹಿಂದೆ ಕೂತು ವರ್ಷಗಟ್ಟಲೆ ದನಿಗೂಡಿಸಿದ ಮಗಳು ಕೃಷ್ಣಾ ಹಾನಗಲ್ಲರ ಬಗ್ಗೆ ಬರೆಯಲು ಹೊರಟರೆ ಮಾತ್ರ ಜಾಸ್ತಿ ಹುಡುಕಬೇಕು. ಕ್ಯಾಸೆಟ್ ಕವರನ್ನೇ ನೆನಪು ಮಾಡಿಕೊಳ್ಳಿ. ಮುಂದೆ ಗಾಯಕರ ಫೋಟೊ, ದಪ್ಪ ಅಕ್ಷರದಲ್ಲಿ ಹೆಸರು. ಒಳಗೆ ಮಡಚಿದ ಕಾಗದದ ತುದಿಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, "ತಬಲಾ:" ಅಂತ ಒಂದು ಸಾಲು.

ಆ ಸಾಲನ್ನು ಬಿಡಬೇಡಿ. ಅಲ್ಲಿಂದಲೇ ಶುರು ಮಾಡಿ. ಆಮೇಲೆ ಹಳೆಯ ಕಛೇರಿ ವಿಮರ್ಶೆಗಳು, ಸಂಗೀತ ಸಭೆಗಳ ಸ್ಮರಣ ಸಂಚಿಕೆಗಳು, ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಪ್ರಶಸ್ತಿ ಪಟ್ಟಿ. ಒಬ್ಬ ಹಾರ್ಮೋನಿಯಂ ವಾದಕರಿಗಾಗಿ ನಾನು ಎರಡು ಶನಿವಾರ ಗ್ರಂಥಾಲಯದಲ್ಲಿ ಕೂತು ಪತ್ರಿಕೆಯ ಹಳೇ ಕಟ್ಟುಗಳನ್ನು ತಿರುವಿ ಹಾಕಿದೆ, ಕೈಯೆಲ್ಲ ಧೂಳು, ಕೊನೆಗೆ ಸಿಕ್ಕಿದ್ದು "ಹಾರ್ಮೋನಿಯಂನಲ್ಲಿ ಹಿತಮಿತವಾಗಿ ಸಹಕರಿಸಿದರು" ಎಂಬ ಅರ್ಧ ಸಾಲು. ಅಷ್ಟಕ್ಕೇ ಪುಟ ಆಗಲಿಲ್ಲ. ಆದರೆ ಅಂದು ಹಾಡಿದವರ ಪುಟದಲ್ಲಿ ಇವರ ಹೆಸರನ್ನು ಸೇರಿಸಿ, ಪತ್ರಿಕೆಯ ತಾರೀಖು, ಪುಟಸಂಖ್ಯೆ ಕೊಟ್ಟೆ. ಅದು ಈಗಲೂ ಇದೆ. ನೀವೂ ಹಾಗೇ ಮಾಡಿ. ಸ್ವಂತ ಪುಟಕ್ಕೆ ಸಾಲುವಷ್ಟು ಸಿಗದಿದ್ದರೆ ಗಾಯಕರ ಪುಟದಲ್ಲಿ ಒಂದು ವಾಕ್ಯ ಬರಲಿ, ಉಲ್ಲೇಖದ ಸಮೇತ.

ಬರೆಯುವಾಗ ಹೊಗಳಿಕೆ ಬೇಡ. "ತಬಲಾ ಲೋಕದ ಅನಭಿಷಿಕ್ತ ದೊರೆ" ಎಂದರೆ ಯಾರೂ ನಂಬುವುದಿಲ್ಲ. ಇಂಥ ವರ್ಷ, ಇಂಥ ಊರಲ್ಲಿ, ಇಂಥವರಿಗೆ ಸಾಥ್ ಕೊಟ್ಟರು ಎಂದರೆ ನಂಬುತ್ತಾರೆ. ಮೊದಲು ನಿಮ್ಮ ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆದು ನೋಡಲು ವಿಕಿಪೀಡಿಯದಲ್ಲಿ ನಿಮಗಿರುವ ಪುಟದಲ್ಲಿ, ಬರೆಯಿರಿ. ಅವರು ನಿಮ್ಮ ತಂದೆಯ ಗುರುಗಳು ಎಂಬುದನ್ನು ಲೇಖನದ ಜೊತೆಗಿರುವ ಚರ್ಚೆ ಪುಟದಲ್ಲಿ ಮುಚ್ಚಿಡದೆ ಹೇಳಿಬಿಡಿ. ಸಂದೇಹ ಬಂದರೆ ಅರಳಿ ಕಟ್ಟೆಯಲ್ಲಿ ಕೇಳಿ. ವಿಕಿಪೀಡಿಯದವರು ಎಲ್ಲರೂ ಸೇರಿ ಮಾತಾಡುವ ಜಾಗಕ್ಕೆ ಇಟ್ಟ ಹೆಸರು ಅದು, ಎಷ್ಟು ಚೆಂದ ಅಲ್ವಾ?

ಪ್ರಶ್ನೆ: ಇಂಗ್ಲಿಷ್‌ನಲ್ಲಿ ಒಳ್ಳೆಯ ಲೇಖನಗಳಿವೆ. ಯಂತ್ರಾನುವಾದ ಮಾಡಿ ಕನ್ನಡಕ್ಕೆ ಹಾಕಿದರೆ ಬೇಗ ಆಗುತ್ತದಲ್ಲ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಗ ಆಗುತ್ತದೆ, ಆದರೆ ಸಂಗೀತದ ವಿಷಯದಲ್ಲಿ ಬೇಗ ಕೆಡುತ್ತದೆ ಕೂಡ. "ತಬಲಾ ಸಾಥ್ ಕೊಟ್ಟರು" ಎಂದಿರಬೇಕಾದ ಕಡೆ "ತಬಲಾದಲ್ಲಿ ಅವಳ ಜೊತೆಗೆ ಹೋದನು" ಎಂದು ಬಂದದ್ದನ್ನು ನಾನೇ ತಿದ್ದಿದ್ದೇನೆ. ಹಿರಿಯ ಕಲಾವಿದರನ್ನು "ಅವನು" ಎಂದು ಬರೆದರೆ ಕನ್ನಡದ ಕಿವಿಗೆ ಚುಚ್ಚುತ್ತದೆ. ಇಂಗ್ಲಿಷ್ ಲೇಖನ ಓದಿ, ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ಬರೆಯಿರಿ. ಹತ್ತು ಸಾಲಾದರೂ ಸಾಕು. ಇನ್ನೊಂದು ಮಾತು. ಜನ ಹುಡುಕುವ ಎಲ್ಲ ಹೆಸರಿಗೂ ಪುನರ್ನಿರ್ದೇಶನ ಕೊಡಿ, ಅಂದರೆ ಯಾವ ಹೆಸರಿನಿಂದ ಹುಡುಕಿದರೂ ಅದೇ ಪುಟಕ್ಕೆ ಬರುವಂತೆ ಮಾಡಿ. ಗಾಯಕ ಕುಮಾರ ಗಂಧರ್ವರ ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ, ಹುಟ್ಟಿದ್ದು 1924ರಲ್ಲಿ, ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ. ಆ ಹೆಸರಿನಿಂದ ಹುಡುಕಿದವರಿಗೂ ಅವರು ಸಿಗಬೇಕು.

ಪ್ರಶ್ನೆ: ಗೂಗಲ್‌ನಲ್ಲಿ ಸಿಕ್ಕ ಫೋಟೊ, ಹಳೆಯ ಹಾಡು ಹಾಕಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಫೋಟೊ ಹಾಕಬೇಡಿ. ಅದರ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ನಿಮ್ಮ ಮನೆಯ ಆಲ್ಬಮ್‌ನಲ್ಲಿದ್ದರೂ ಅಷ್ಟೇ. ಹಾಡಿಗೆ ಭಾರತದಲ್ಲಿ, ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತದೆ, ವಿಕಿಪೀಡಿಯದ ಫೋಟೊ, ಹಾಡುಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ನವರು ಅಮೆರಿಕದ ಕಾನೂನನ್ನೂ ನೋಡುತ್ತಾರೆ. ಆದ್ದರಿಂದ ಅಪ್ಪನ ಕಾಲದ ಎಲ್‌ಪಿ ಆಗದು. ಗಾಯಕಿ ಗೌಹರ್ ಜಾನ್ 1902ರಲ್ಲಿ ಕೋಲ್ಕತ್ತದಲ್ಲಿ ಹಾಡಿದ ಗ್ರಾಮಫೋನ್ ತಟ್ಟೆಗಳು ಆಗುತ್ತವೆ, ಅವುಗಳ ಅವಧಿ ಮುಗಿದಿದೆ. ಆಕೆ ಕೊನೆಯ ದಿನ ಕಳೆದದ್ದು ಮೈಸೂರಿನಲ್ಲಿ, ತೀರಿಕೊಂಡದ್ದು 1930ರಲ್ಲಿ.

ಫೋಟೊ ಬೇಕಿದ್ದರೆ ನೀವೇ ತೆಗೆಯಿರಿ. ಮುಂದಿನ ಕಛೇರಿಯಲ್ಲಿ ಸಂಘಟಕರನ್ನು ಕೇಳಿ ಮುಂದಿನ ಸಾಲಿನಲ್ಲಿ ಕೂರಿ. ಹಾಡುವವರ ಫೋಟೊ ಹತ್ತು ಜನ ತೆಗೆಯುತ್ತಾರೆ. ನೀವು ತಬಲಾದವರದ್ದು, ಹಿಂದೆ ತಂಬೂರಿ ಹಿಡಿದು ಕೂತ ಹುಡುಗಿಯದ್ದು ತೆಗೆಯಿರಿ. ಕಛೇರಿ ಮುಗಿದ ಮೇಲೆ ಹೋಗಿ ಒಪ್ಪಿಗೆ ಕೇಳಿ. ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ, ಕಾಗುಣಿತ ತಪ್ಪಬಾರದು.