ರಾಂಟನೆನ್ ಟ್ರೇಡ್: ಕೊಲೊರಾಡೊ ಮಾಡಿದ್ದು ಸರಿಯೇ?

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಕೊಲೊರಾಡೊ ತಂಡ 2024-25ರ ಸೀಸನ್ ನಡುವೆ ತನ್ನ ತಾರೆ ರಾಂಟನೆನ್ ಅವರನ್ನು ಕ್ಯಾರೊಲಿನಾ ತಂಡಕ್ಕೆ ಕೊಟ್ಟು, ನೇಚಾಸ್ ಮತ್ತು ಡ್ರೂರಿ ಅವರನ್ನು ತಂದಿತು. ಅದಕ್ಕೇ "ರಾಂಟನೆನ್ ಅವರಂಥ ಆಟಗಾರನಿಗೆ ನೇಚಾಸ್ ಸಮನಾ? ಕೊಲೊರಾಡೊ ಮೋಸ ಹೋಯ್ತಲ್ವಾ?" ಅಂತ ಕೇಳಿದ್ದೀರಿ. ಒಬ್ಬರಿಗೊಬ್ಬರು ಅಂತ ತೂಗಿದರೆ ಸಮನಲ್ಲ. ಆದರೆ ಎನ್‌ಎಚ್‌ಎಲ್‌ನಲ್ಲಿ ಹಾಗೆ ತೂಗೋಕೆ ಆಗಲ್ಲ.

2024-25ರಲ್ಲಿ ಇಡೀ ತಂಡದ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಸಂಬಳಕ್ಕಿರುವ ಮಿತಿ, 8.8 ಕೋಟಿ ಡಾಲರ್. ಅದರಲ್ಲಿ ಕೊಲೊರಾಡೊದ ಇನ್ನೊಬ್ಬ ತಾರೆ ಮೆಕಿನನ್ ಒಬ್ಬರಿಗೇ 1.26 ಕೋಟಿ. ರಾಂಟನೆನ್ ಲೆಕ್ಕ 92.5 ಲಕ್ಷ, ಅದೂ ಆ ಸೀಸನ್‌ಗೇ ಮುಗಿಯುವ ಒಪ್ಪಂದ. ಬದಲಿಗೆ ಬಂದ ನೇಚಾಸ್ ಮತ್ತು ಡ್ರೂರಿ ಇಬ್ಬರೂ ಸೇರಿ ಸುಮಾರು 82 ಲಕ್ಷ. ಜೊತೆಗೆ ಡ್ರಾಫ್ಟ್ ಪಿಕ್‌ಗಳು, ಅಂದರೆ ಹೊಸ ಯುವ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳು. ಇಬ್ಬರ ಒಪ್ಪಂದವೂ ಮುಂದಿನ ಸೀಸನ್‌ಗೂ ಇತ್ತು.

ಎಲ್ಲರೂ ನೇಚಾಸ್ ಬಗ್ಗೆಯೇ ಮಾತಾಡ್ತಾರೆ, ನನಗೆ ಡ್ರೂರಿ ಮುಖ್ಯ ಅನಿಸ್ತಾರೆ. ಕೊಲೊರಾಡೊಗೆ ಮೆಕಿನನ್ ನಂತರ ಸೆಂಟರ್ (ದಾಳಿಯಲ್ಲಿ ನಡುವೆ ಆಡುವವರು) ಜಾಗದಲ್ಲಿ ಆಳ ಇರಲಿಲ್ಲ. ಮಾರ್ಚ್‌ನಲ್ಲಿ ನೆಲ್ಸನ್, ಕಾಯ್ಲ್ ಅವರನ್ನೂ ತಂದರು, ಅವರೂ ಸೆಂಟರ್‌ಗಳೇ. ಕೊರತೆ ಎಲ್ಲಿತ್ತು ಅಂತ ಅದರಲ್ಲೇ ಗೊತ್ತಾಗುತ್ತೆ.

ಹೌದು, ಕ್ಯಾರೊಲಿನಾದಿಂದ ಡಲ್ಲಾಸ್‌ಗೆ ಹೋದ ರಾಂಟನೆನ್ ಪ್ಲೇಆಫ್‌ನ ಏಳನೇ ಪಂದ್ಯದಲ್ಲಿ ಇದೇ ಕೊಲೊರಾಡೊ ಮೇಲೆ ಹ್ಯಾಟ್ರಿಕ್ (ಮೂರು ಗೋಲು) ಹೊಡೆದರು. ಹೊಟ್ಟೆ ಉರಿಯೋದು ಸಹಜ! ಆದರೆ ಡಲ್ಲಾಸ್ ಅವರಿಗೆ ಎಂಟು ವರ್ಷ, ವರ್ಷಕ್ಕೆ 1.2 ಕೋಟಿ ಕೊಡ್ತಿದೆ. ಅಷ್ಟು ಕೊಟ್ಟು ಕೊಲೊರಾಡೊ ಮೂರನೇ, ನಾಲ್ಕನೇ ಲೈನ್ (ಸರದಿಯಲ್ಲಿ ಇಳಿಯುವ ಆಟಗಾರರ ಗುಂಪು) ತುಂಬಿಸೋದು ಬಹಳ ಕಷ್ಟವಿತ್ತು.