ಗ್ಯಾರೇಜ್ ಪ್ರಶ್ನೋತ್ತರ: ಕೀ ಸುತ್ತಲಿನ ಕವರ್

ಪ್ರಶ್ನೆ: ನನ್ನ 150 ಸಿಸಿ ಬೈಕಿನ ಹ್ಯಾಂಡಲ್ ನೇರಕ್ಕೆ ಬಂದಾಗ ಕಚ್ಚಿ ನಿಲ್ಲುತ್ತದೆ. ಕೋನ್ ಸೆಟ್ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್) ಹೋಗಿದೆಯಂತೆ. ಮುಂದಿನ ಶಾಕ್‌ಗಳ ಆಯಿಲ್ ಸೀಲ್ ಕೂಡ ಸೋರುತ್ತಿದೆ. ಕೀ ಸುತ್ತಲಿನ ಪ್ಲಾಸ್ಟಿಕ್ ಕವರಿಗೆ ಮೇಲೆಲ್ಲೂ ಸ್ಕ್ರೂ ಕಾಣುತ್ತಿಲ್ಲ, ಎಳೆದರೂ ಬರುತ್ತಿಲ್ಲ. ಇಗ್ನಿಷನ್ ಸ್ವಿಚ್ಚನ್ನೇ ಬಿಚ್ಚಬೇಕೇ?
— ಓದುಗರು, ಹಾಸನ

ಉತ್ತರ: ಬೇಡ. ಆಯಿಲ್ ಸೀಲ್ ಮಾತ್ರ ಆಗಿದ್ದರೆ ಸಾಮಾನ್ಯವಾಗಿ ಕವರನ್ನೂ ಮುಟ್ಟಬೇಕಿರಲಿಲ್ಲ. ಶಾಕ್‌ಗಳನ್ನು ಹಿಡಿದಿರುವ ಪ್ಲೇಟುಗಳ ಬೋಲ್ಟ್ ಸಡಿಲಿಸಿದರೆ ಶಾಕ್ ಕೆಳಗೆ ಜಾರಿ ಬರುತ್ತದೆ. ಕೋನ್ ಸೆಟ್ಟಿಗೆ ಟಾಪ್ ಪ್ಲೇಟ್ (ಕೀ ಸ್ವಿಚ್ ಕೂತಿರುವ ಮೇಲಿನ ಪ್ಲೇಟ್) ಏಳಲೇಬೇಕು, ನಡುವಿನ ದೊಡ್ಡ ನಟ್ಟಿಗೆ ಪಾನಾ ಕೂರಬೇಕು. ಅದಕ್ಕೆ ಕವರ್ ತೆಗೆದರೆ ಸಾಕು. ಸ್ವಿಚ್ ಪ್ಲೇಟಿಗೇ ಅಂಟಿಕೊಂಡಿರಲಿ.

ಮೊದಲು ಹ್ಯಾಂಡಲ್ ಲಾಕ್ ಬಿಡಿಸಿ ಕೀ ಹೊರಗೆ ತೆಗೆಯಿರಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಟಾರ್ಚ್ ಹಿಡಿದು ಪ್ಲೇಟಿನ ಕೆಳಗಿನಿಂದ ನೋಡಿ. ಸ್ಕ್ರೂ ಇದ್ದರೆ ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ. ಇಲ್ಲವೆಂದರೆ ಕವರ್ ಕೊಕ್ಕೆಗಳ ಮೇಲೆ ನಿಂತಿದೆ ಎಂದರ್ಥ. ಹಳೆಯ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ಒಂದೊಂದೇ ಕೊಕ್ಕೆ ಬಿಡಿಸುತ್ತಾ ಸುತ್ತಿ ಬನ್ನಿ. ಒಂದೇ ಕಡೆಯಿಂದ ಮೀಟಿದರೆ ಎದುರು ಬದಿಯ ಕೊಕ್ಕೆ ಮುರಿಯುತ್ತದೆ. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ಕಾದರೆ ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಸ್ಕ್ರೂಡ್ರೈವರ್ ಬೇಡವೇ ಬೇಡ, ಪ್ಲೇಟಿನ ಪೇಂಟ್ ಎದ್ದು ಬಂದರೆ ದಿನಾ ಕಣ್ಣಿಗೆ ಹೊಡೆಯುತ್ತದೆ. ಕೀ ಸುತ್ತ ಇಮೊಬಿಲೈಜರ್ ಸುರುಳಿ (ಸರಿಯಾದ ಕೀಯನ್ನು ಗುರುತಿಸುವ ತಂತಿ ಸುರುಳಿ) ಇರುವ ಬೈಕುಗಳಲ್ಲಿ ಕವರನ್ನು ಒಮ್ಮೆಗೇ ಎತ್ತಬೇಡಿ. ಅದರ ಕೂದಲಿನಷ್ಟು ತೆಳು ತಂತಿ ಕಿತ್ತರೆ ಎಂಜಿನ್ ಸ್ಟಾರ್ಟ್ ಆಗದು.

ಇನ್ನು ಹೆಡ್‌ಲೈಟ್ ಡೂಮ್ ತೆರೆದು ಸ್ವಿಚ್ಚಿನ ತಂತಿ ಜೋಡಿಸುವ ಕಪ್ಲರ್ ಕಳಚಿ, ತಂತಿ ಹಾದ ದಾರಿಯ ಫೋಟೊ ತೆಗೆದುಕೊಂಡು ಪ್ಲೇಟನ್ನು ಸ್ವಿಚ್ ಸಮೇತ ಎತ್ತಿ. ಕೆಳಗೆ ಬಟ್ಟೆ ಹಾಸಿರಿ. ಬೇರಿಂಗಿನಲ್ಲಿರುವುದು ಬಿಡಿ ಗುಂಡುಗಳಾದರೆ ಉದುರಿ ಉರುಳಿ ಹೋಗುತ್ತವೆ. ಕೋನ್, ಕಪ್ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಹಳೆಯ ಕಪ್ಪಿನಲ್ಲಿ ಸವೆದು ಬಿದ್ದ ತಗ್ಗುಗಳಲ್ಲಿ ಹೊಸ ಗುಂಡು ಕೂರಿಸಿದರೆ ಅದೇ ಕಚ್ಚುವಿಕೆ ಮರಳುತ್ತದೆ. ಜೋಡಿಸಿದ ಮೇಲೆ ಚಕ್ರವನ್ನು ನೆಲದಿಂದ ಎತ್ತಿ ನೋಡಿ: ಹ್ಯಾಂಡಲ್ ಎರಡೂ ಕಡೆಗೆ ತಾನಾಗಿ ವಾಲಬೇಕು, ಶಾಕ್ ಹಿಡಿದು ಹಿಂದೆ ಮುಂದೆ ಎಳೆದರೆ ಆಟ ಇರಬಾರದು. ದೊಡ್ಡ ನಟ್ ಬಿಗಿದ ಮೇಲೆ ಮತ್ತೊಮ್ಮೆ ನೋಡಿ, ಆ ಬಿಗಿತಕ್ಕೆ ಕೆಳಗಿನ ಬೇರಿಂಗಿನ ಹೊಂದಾಣಿಕೆ ಬದಲಾಗುತ್ತದೆ.

ಪ್ರಶ್ನೆ: ಲಾಕ್ ಸೆಟ್ ಬದಲಿಸಬೇಕು, ಆದರೆ ಸ್ವಿಚ್ಚಿನ ಎರಡು ಬೋಲ್ಟುಗಳ ತಲೆ ನುಣ್ಣಗಿದೆ. ಪಾನಾ ಹಿಡಿಯುವುದಿಲ್ಲ.
— ಓದುಗರು, ಶಿರಸಿ

ಉತ್ತರ: ಕಳ್ಳರನ್ನು ತಡೆಯಲೆಂದೇ ಮಾಡಿದ್ದು. ಬಿಗಿಯುವಾಗಲೇ ತಲೆ ಮುರಿದು ಹೋಗುವ ಬೋಲ್ಟುಗಳಿವು. ಅಂಚಿಗೆ ಚೂಪು ಉಳಿಯಿಟ್ಟು ಎಡಕ್ಕೆ ತಿರುಗುವಂತೆ ಓರೆಯಾಗಿ ತಟ್ಟಿ; ಬಹಳಷ್ಟು ಸಲ ಅಷ್ಟಕ್ಕೇ ಸಡಿಲವಾಗುತ್ತದೆ. ಜಗ್ಗದಿದ್ದರೆ ನಡುವೆ ಡ್ರಿಲ್ ಮಾಡಿ ಎಡಸುತ್ತಿನ ಎಕ್ಸ್‌ಟ್ರ್ಯಾಕ್ಟರ್ (ತಲೆ ಹೋದ ಬೋಲ್ಟ್ ಹೊರತೆಗೆಯುವ ಸಾಧನ) ಹಾಕಿ. ಪ್ಲೇಟ್ ಅಲ್ಯೂಮಿನಿಯಮ್ಮಿನದಾದ್ದರಿಂದ ಸುತ್ತಿಗೆಯ ಪೆಟ್ಟು ಹಗುರವಾಗಿರಲಿ. ಹೊಸ ಬೋಲ್ಟ್ ಮೊದಲೇ ತಂದಿಟ್ಟುಕೊಳ್ಳಿ.

ಪ್ರಶ್ನೆ: ಕೋನ್ ಸೆಟ್ ಹಾಕಿಸಿದ ಮೇಲೆ ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಗಾಡಿ ಆಫ್ ಆಗುತ್ತದೆ.
— ಓದುಗರು, ತುಮಕೂರು

ಉತ್ತರ: ಸ್ವಿಚ್ ತಂತಿ ತಪ್ಪು ದಾರಿಯಲ್ಲಿ ಹಾದು ಎಳೆದುಕೊಳ್ಳುತ್ತಿದೆ, ಇಲ್ಲವೇ ತನ್ನ ಪ್ಲಾಸ್ಟಿಕ್ ಹೊದಿಕೆಯ ಒಳಗೇ ತುಂಡಾಗಿದೆ. ಎಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲನ್ನು ತುದಿಯಿಂದ ತುದಿಗೆ ತಿರುಗಿಸಿ. ಎಂಜಿನ್ ವೇಗ ಏರಿದರೆ ಆಕ್ಸಿಲರೇಟರ್ ಕೇಬಲ್ ಕೂಡ ಬಿಗಿಯಾಗಿದೆ, ಹಾಗೇ ಓಡಿಸಬೇಡಿ.