ಪ್ರತಿಕ್ರಿಯೆ: ಎಕೋದಲ್ಲಿ ರಂಧ್ರವಿಲ್ಲ, ಆದರೂ ಬಲಹೃದಯ ಹಿಗ್ಗಿದೆ

ಶಿವಮೊಗ್ಗದಲ್ಲಿ ಮಾಡಿಸಿದ ಮಗಳ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಗೋಡೆಯಲ್ಲಿ ರಂಧ್ರ ಕಾಣಲಿಲ್ಲ, ಆದರೂ ಬಲಭಾಗ ಹಿಗ್ಗಿದೆ, ಏಕೆ ಎಂದು ಕೇಳಿದ್ದೀರಿ. ಹೀಗಿದ್ದರೆ, ಬಲ ಶ್ವಾಸಕೋಶದಿಂದ ರಕ್ತ ತರುವ ಅಭಿಧಮನಿ ಎಡ ಹೃತ್ಕರ್ಣದ (ಹೃದಯದ ಎಡ ಮೇಲಿನ ಕೋಣೆ) ಬದಲು ಮೇಲಿನ ಮಹಾಭಿಧಮನಿಗೆ (ದೇಹದ ಮೇಲ್ಭಾಗದ ರಕ್ತವನ್ನು ಬಲಹೃದಯಕ್ಕೆ ತರುವ ನಾಳ) ಸೇರಿರಬಹುದು; ಆಗ ಬಲಭಾಗಕ್ಕೆ ಹೆಚ್ಚು ರಕ್ತ ಬಂದು ಅದು ಹಿಗ್ಗುತ್ತದೆ. ಜೊತೆಗೆ ಎರಡು ಹೃತ್ಕರ್ಣಗಳ ನಡುವೆ, ಮಹಾಭಿಧಮನಿ ಸೇರುವ ಕಡೆ ಸೈನಸ್ ವೀನೋಸಸ್ ಎಂಬ ರಂಧ್ರವೂ ಇರುವುದುಂಟು. ಅದು ಹಿಂದೆ, ಮೇಲ್ಭಾಗದಲ್ಲಿರುವುದರಿಂದ ಎದೆಯ ಮೇಲಿಂದ ಮಾಡುವ ಎಕೋದ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ನನ್ನ ತಂಗಿಗೂ ಹೀಗೇ ತಪ್ಪಿಹೋಗಿತ್ತು. ಆದರೆ ನೀವು ಹಾಕಿದ ಎರಡು ಸಾಲಿನ ವರದಿಯಿಂದ ಇದು ಖಚಿತವಲ್ಲ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದರೂ ಬಲಭಾಗ ಹಿಗ್ಗುತ್ತದೆ.

ಮೊದಲು ಮಕ್ಕಳ ಹೃದ್ರೋಗ ತಜ್ಞರಿಂದ ಮಗಳ ಎಕೋ ಮತ್ತೆ ಮಾಡಿಸಿ. ಶ್ವಾಸಕೋಶದ ನಾಲ್ಕೂ ಅಭಿಧಮನಿಗಳು ಎಲ್ಲಿ ಸೇರುತ್ತವೆ ಎಂದು ಒಂದೊಂದಾಗಿ ಕೇಳಿ. ಯಾವುದಾದರೂ ಸಿಗದಿದ್ದರೆ ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಅಥವಾ ಹೃದಯದ ಎಂಆರ್‌ಐ. ಎಂಆರ್‌ಐನಲ್ಲಿ ವಿಕಿರಣವಿಲ್ಲ, ಶ್ವಾಸಕೋಶಕ್ಕೆ ಎಷ್ಟು ಪಟ್ಟು ಹೆಚ್ಚು ರಕ್ತ ಹೋಗುತ್ತಿದೆ ಎಂಬುದನ್ನೂ ಅಳೆಯುತ್ತಾರೆ. ತೀರ್ಥಹಳ್ಳಿಯಿಂದ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೊರಡುವುದಾದರೆ ಶಿವಮೊಗ್ಗದ ಎಕೋದ ವಿಡಿಯೋ ಇರುವ ಸಿಡಿ ಕೇಳಿ ಪಡೆಯಿರಿ, ಬರೀ ಕಾಗದ ಸಾಲದು. ತುಟಿ ನೀಲಿಯಾದರೆ ಅಥವಾ ತಲೆಸುತ್ತಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.